ವಿಜಯಪುರದಲ್ಲಿ ಸ್ವಲ್ಪ ಕಾಲದ ಸಂಸಾರ: ಬಿಸಿಲು, ನೀರು, ಗುಮ್ಮಟ ಎಲ್ಲಾ ಇಲ್ಲೇ ಮಾತಾಡೋಣ

ಮಳೆಹುಳ

ನಮಸ್ಕಾರ ಎಲ್ರಿಗೂ, ನಾವು ತೀರ್ಥಹಳ್ಳಿ ಕಡೆಯವ್ರು, ಯಜಮಾನ್ರಿಗೆ ಪ್ರಾಜೆಕ್ಟ್ ಕೆಲಸ ವಿಜಯಪುರ ಜಿಲ್ಲೇಲಿ ಬಿತ್ತು ಅಂತ ದೀಪಾವಳಿ ಮುಗಿಸ್ಕೊಂಡು ಇಲ್ಲಿಗೆ ಬಂದು ಬಾಡಿಗೆ ಮನೆ ಹಿಡಿದಿದೀವಿ, ಮುಂದಿನ ಮಳೆಗಾಲದ ಹೊತ್ತಿಗೆ ಗಂಟುಮೂಟೆ ಕಟ್ಕೊಂಡು ವಾಪಸ್. ಮಗಳಿನ್ನೂ ಸ್ಕೂಲಿಗೆ ಸೇರಿಲ್ಲ ಅದೊಂದು ಅನುಕೂಲ, ನಂದು ಮನೆಯಿಂದ್ಲೇ ಕೆಲಸ.

"ಒಂದೇ ದಿನದಲ್ಲಿ ಬಿಜಾಪುರ" ಅನ್ನೋ ಲಿಸ್ಟುಗಳು ಬೇಕಾದಷ್ಟಿವೆ, ಎಲ್ಲಾದ್ರಲ್ಲೂ ಅವೇ ಫೋಟೋ, ಅವೇ ನಾಲ್ಕು ಸಾಲು. ಅದಲ್ಲ ನಂಗೆ ಬೇಕಾಗಿರೋದು. ತಿಂಗಳುಗಟ್ಟಲೆ ಇರೋರಿಗೆ ಊರು ಬೇರೆ ಥರ ಕಾಣತ್ತೆ, ಗೋಲಗುಮ್ಮಟ ಅನ್ನೋದು ನೋಡೋ ಜಾಗಕ್ಕಿಂತ ಹೆಚ್ಚಾಗಿ ಆಟೋದವ್ರಿಗೆ ಮನೆ ಗುರುತು ಹೇಳೋಕೆ ಬೇಕಾಗೋ ವಸ್ತು ಆಗಿಬಿಡತ್ತೆ. ನಮ್ಮನೆ ಟೆರೇಸಿಂದ ಬಟ್ಟೆ ಒಣಗಿಸ್ತಾ ತಲೆ ಎತ್ತಿದ್ರೆ ಅದೇ, ಗ್ಯಾಸ್ ತರೋಕೆ ಹೋದ್ರೂ ಅದೇ, ಔಷಧಿ ಅಂಗಡಿಗೆ ಹೋದ್ರೂ ಅದೇ.

ನಂಗೆ ಇಲ್ಲಿ ಬಂದ ಮೇಲೆ ತಲೇಲಿ ಕೂತಿರೋದು ಒಂದೇ, ಈ ಊರು ಅರ್ಥ ಆಗ್ಬೇಕಾದ್ರೆ ರಾಜರ ಹೆಸರು ಬಾಯಿಪಾಠ ಮಾಡೋದಕ್ಕಿಂತ ನೀರು ಎಲ್ಲಿಂದ ಬರ್ತಿತ್ತು, ನೆರಳು ಎಲ್ಲಿ ಬೀಳತ್ತೆ ಅಂತ ನೋಡ್ಬೇಕು ಅನ್ಸತ್ತೆ. ಮಳೆ ಊರಿಂದ ಬಂದವ್ಳಿಗೆ ಹಾಗನ್ಸೋದು ಸಹಜ ಇರ್ಬಹುದು. ನಮ್ಮ ಕಡೆ ನೀರು ಹೊರಗೆ ಹೋಗೋಕೆ ದಾರಿ ಮಾಡೋದೇ ವರ್ಷವಿಡೀ ಕೆಲಸ, ಇಲ್ಲಿ ನಲ್ಲಿ ಬಿಟ್ಟ ದಿನ ಇಡೀ ಓಣಿ ಬೇಗ ಏಳತ್ತೆ.

ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ರೋಡ್ ಪಕ್ಕ ಅಲ್ಲಲ್ಲಿ ಕಲ್ಲಿನ ಚೌಕದ ಗೋಪುರಗಳು ನಿಂತಿವೆ, ಕಿಟಕಿ ಇಲ್ಲ, ಬಾಗಿಲಿಲ್ಲ, ಬೋರ್ಡೂ ಇಲ್ಲ. ಗೋರಿ ಅಲ್ಲ, ಬುರುಜೂ ಅಲ್ಲ. ಒಂದರ ಬುಡದಲ್ಲಿ ಚಾದಂಗಡಿ ಇದೆ, ಅವ್ರನ್ನ ಕೇಳಿದ್ರೆ "ಹಳೇದ್ರಿ ಅಕ್ಕಾರ, ಬಾದಶಾಹಿ ಕಾಲದ್ದು" ಅಂದ್ರು ಅಷ್ಟೆ. ಏನದು?

ಗಾಂಧಿಚೌಕ್_ಹುಡುಗ

ಅಕ್ಕಾರ ನಮಸ್ಕಾರ್ರೀ, ನಮ್ಮೂರಿಗೆ ಬಂದೀರಿ ಭಾಳ ಛಲೋ ಆತು. ಅವಕ್ಕ ಗಂಜ್ ಅಂತಾರ್ರಿ, ನೀರಿನ ಗಂಜ್. ನಮ್ಮ ಅಜ್ಜ ಹೇಳ್ತಿದ್ದ, ಬೇಗಂ ತಲಾಬಿನಿಂದ ಊರೊಳಗ ನೀರು ಬರ್ತಿತ್ತಂತ, ನೆಲದಾಗ ಮಣ್ಣಿನ ಪೈಪು ಹೂತು. ನಡಕ್ ನಡಕ್ ಈ ಗಂಜ್ ಕಟ್ಟ್ಯಾರ. ನಾವು ಸಣ್ಣವ್ರಿದ್ದಾಗ ಅದರ ಮ್ಯಾಲ ಗಿಣಿ ಗೂಡು ನೋಡ್ಕೋತ ನಿಂದರ್ತಿದ್ವಿ, ನೀರಿಂದು ಅಂತ ನಮಗೂ ದೊಡ್ಡವ್ರಾದ ಮ್ಯಾಲನ ಗೊತ್ತಾತು ಖರೆ ಹೇಳ್ಬೇಕಂದ್ರ.

ಗುಮ್ಮಟಲೆಕ್ಕ

ತಮ್ಮ ಹೇಳಿದ್ದು ಸರಿಯಾಗಿದೆ, ಸ್ವಲ್ಪ ಸೇರಿಸ್ತೀನಿ. ಬೇಗಂ ತಲಾಬು ಮುಹಮ್ಮದ್ ಆದಿಲ್ ಶಾ ಕಾಲದ್ದು, 1651. ಅದಕ್ಕೂ ಮುಂಚೆ ಪಶ್ಚಿಮದ ತೊರವಿ ಕಡೆಯಿಂದ ಸುರಂಗದಲ್ಲಿ ನೀರು ತರ್ತಿದ್ರು, ಅದು ಕಾರೇಜ್ ಪದ್ಧತಿ, ಪರ್ಷಿಯಾ ಕಡೆಯಿಂದ ಬಂದ ಜಾಣತನ. ಅಂತರ್ಜಲ ಸಿಗೋ ಜಾಗದಿಂದ ಹಿಡಿದು ಊರ ಕಡೆ ನೆಲದಡೀಲಿ ಸಣ್ಣ ಇಳಿಜಾರಲ್ಲಿ ಸುರಂಗ ಕೊರೀತಾರೆ, ದೂರ ದೂರಕ್ಕೆ ಮೇಲಿಂದ ಬಾವಿ ಥರ ರಂಧ್ರ ಬಿಡ್ತಾರೆ, ಅದ್ರಿಂದ್ಲೇ ಮಣ್ಣು ಎತ್ತೋದು, ಅದ್ರಿಂದ್ಲೇ ಗಾಳಿ, ಆಮೇಲೆ ಅದ್ರಿಂದ್ಲೇ ನೀರು ಸೇದೋದು. ಪಂಪು ಬೇಡ, ಬಿಸಿಲಿಗೆ ಆವಿಯಾಗೋ ಭಯ ಇಲ್ಲ.

ಗಂಜ್ ಯಾಕೆ ಅಂದ್ರೆ, ತಗ್ಗಿನ ಕಡೆ ಹೋಗ್ತಾ ಹೋಗ್ತಾ ಪೈಪಲ್ಲಿ ಒತ್ತಡ ಜಾಸ್ತಿ ಆಗತ್ತೆ, ಮಣ್ಣಿನ ಪೈಪು ತಡೆಯಲ್ಲ ಒಡೆದು ಹೋಗತ್ತೆ. ಮಧ್ಯ ಒಂದು ಗೋಪುರ ಕಟ್ಟಿ ನೀರನ್ನ ಅದರೊಳಗೆ ಏರೋಕೆ ಬಿಟ್ರೆ ಒತ್ತಡ ಅಲ್ಲಿಗೇ ಕಳೆದು ಮುಂದಿನ ಪೈಪಿಗೆ ನಿಧಾನವಾಗಿ ಇಳಿಯತ್ತೆ, ಹೂಳೂ ತಳದಲ್ಲೇ ನಿಲ್ಲತ್ತೆ. ಈಗಿನ ಕುಡಿಯೋ ನೀರಿನ ಯೋಜನೆಗಳಲ್ಲೂ ಬ್ರೇಕ್ ಪ್ರೆಷರ್ ಟ್ಯಾಂಕ್ ಅಂತ ಮಾಡೋದು ಇದನ್ನೇ.

ತೊರವಿ ಹತ್ರದ ಸುರಂಗ್ ಬಾವಡಿ ನೋಡಿ ಆದ್ರೆ. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಅನ್ನೋ ಸಂಸ್ಥೆ, ಕಾಪಾಡ್ಬೇಕಾದ ಹಳೇ ಜಾಗಗಳ ತನ್ನ 2020ರ ವಾಚ್ ಪಟ್ಟಿಗೆ ದಖ್ಖನ್ ಪ್ರಸ್ಥಭೂಮಿಯ ಹಳೇ ನೀರಿನ ವ್ಯವಸ್ಥೆಗಳನ್ನ ಸೇರಿಸಿದಾಗ ಇದರ ಹೆಸರೂ ಬಂತು.

ಮಳೆಹುಳ

ಅಬ್ಬಾ ಥ್ಯಾಂಕ್ಸ್ ಇಬ್ರಿಗೂ. ಚಾದಂಗಡಿ ಕಾಕಾಗೆ ಹೋಗಿ ಹೇಳ್ತೀನಿ ಅವ್ರ ಗೂಡಂಗಡಿ ಒರಗಿಕೊಂಡಿರೋದು ನೀರಿನ ಟ್ಯಾಂಕಿಗೆ ಅಂತ.

ತಾಜ್ ಬಾವಡಿ ನೋಡ್ಕೊಂಡು ಬಂದೆ, ಮಕ್ಕಾ ಗೇಟ್ ಕಡೆಯದು. ಇಬ್ರಾಹಿಂ ಆದಿಲ್ ಶಾ ರಾಣಿ ತಾಜ್ ಸುಲ್ತಾನಾ ಹೆಸರಲ್ಲಿ 1620ರಲ್ಲಿ ಕಟ್ಟಿದ್ದಂತೆ. ಬಾವಿ ಅಂದ್ರೆ ನಮ್ಮ ತಲೇಲಿ ದುಂಡಗಿನ ಕಟ್ಟೆ, ರಾಟೆ, ಹಗ್ಗ. ಇಲ್ಲಿ ಒಂದು ಅರಮನೆ ಬಾಗಿಲಿನಷ್ಟು ದೊಡ್ಡ ಕಮಾನು, ಎರಡು ಪಕ್ಕ ಎಂಟು ಮೂಲೆ ಗೋಪುರ, ಕಮಾನಿನ ಕೆಳಗೆ ಮೆಟ್ಟಿಲಿಳಿದ್ರೆ ಕೆರೆಯಷ್ಟು ನೀರು. ಹೊರಗೆ ರೋಡಲ್ಲಿ ಮುಖ ಉರೀತಿತ್ತು, ಕಮಾನಿನಡಿ ಕಾಲಿಟ್ಟ ತಕ್ಷಣ ಸೆರಗು ಹೊದ್ಕೊಳ್ಳೋ ಹಾಗಾಯ್ತು. ಸುತ್ತ ಕೋಣೆಗಳಿವೆ, ದಾರಿಹೋಕರು ಉಳ್ಕೊಳ್ಳೋಕಂತೆ. ದೂರದಿಂದ ಧೂಳು ಕುಡ್ಕೊಂಡು ಬಂದವ್ನಿಗೆ ಊರು ಮೊದಲು ತೋರಿಸ್ತಿದ್ದದ್ದು ಇದನ್ನ. ಆ ಲೆಕ್ಕದಲ್ಲಿ ಇದೇ ಊರಿನ ಜಗಲಿ ಅಲ್ವಾ.

ಕರಿನೆಲ

ಮೇಡಮ್ಮಾರ ಈಗ ನೋಡಿದ್ರಿ ಛಲೋ ಕಾಣ್ತದ, ನಾವು ಕಾಲೇಜಿನಾಗಿದ್ದಾಗ ಆ ಬಾವಿ ಹತ್ರ ಮೂಗು ಮುಚ್ಕೊಂಡು ಹಾಯ್ತಿದ್ವಿ. ಗಣಪತಿ ಬಿಡೋದು ಅಲ್ಲೇ, ಕಸ ಚೆಲ್ಲೋದು ಅಲ್ಲೇ. ಹೂಳು ತಗದದ್ದು ಈಚೀಗೆ. ನಾ ಈಗ ಬೆಂಗಳೂರಾಗ ಇದ್ದೀನಿ, ಟ್ಯಾಂಕರ್ ನೀರು ಕೊಂಡು ಕುಡೀತೀನಿ, ಅದು ಬ್ಯಾರೆ ಮಾತು.

ಇನ್ನೊಂದು, ಯಾರೂ ಹೇಳೂದುಲ್ಲ, ಬಿಜಾಪುರ ನೋಡಾಕ ಬರೋವ್ರು ಎಲ್ಲಾರೂ ಗುಮ್ಮಟದಾಗ ಹೋಗಿ ಒದರಿ ಬರ್ತಾರ. ಒದರೋದಕ್ಕ ಅಷ್ಟು ದೂರ ಯಾಕ ಬರ್ಬೇಕ್ರಿ? ಮುಹಮ್ಮದ್ ಆದಿಲ್ ಶಾ ತನಗ ಗೋರಿ ಅಂತ ಕಟ್ಟಿಸಿಕೊಂಡಾನ, ಮಲಗಿದಾವಗ ನಿದ್ದಿ ಇಲ್ಲ.

ಗಾಂಧಿಚೌಕ್_ಹುಡುಗ

ಕಾಕಾ ಮಂದಿ ಒದರ್ಲಿ ಬಿಡ್ರಿ, ಸಾಲಿ ಹುಡುಗ್ರು ಟ್ರಿಪ್ಪಿಗೆ ಬಂದಾಗ ಒದರದ ಇನ್ನೇನ್ ಮಾಡ್ತಾವ 😀 ಆದ್ರ ಪಿಸುಮಾತು ಕೇಳ್ಬೇಕಂದ್ರ ಅಕ್ಕಾರ, ಮುಂಜಾನಿ ಬಾಗಿಲ ತಗದ ಕೂಡ್ಲೆ ಹೋಗ್ರಿ, ಅದೂ ನಡುವಾರದಾಗ. ಏಳು ಅಂತಸ್ತು ಹತ್ತೋದು ಅದ, ಮೆಟ್ಟಲ ಸಣ್ಣವು, ಎತ್ತರ. ಕೂಸಿನ್ನ ಎತ್ಕೊಂಡು ಹತ್ಬ್ಯಾಡ್ರಿ, ಕೈ ಹಿಡಕೊಂಡು ಸಾವಕಾಶ.

ಮಳೆಹುಳ

ಹೋಗಿದ್ವಿ ತಮ್ಮ, ನೀನ್ ಹೇಳೋಕೆ ಮುಂಚೆ ಒಂದು ಭಾನುವಾರ ಮಧ್ಯಾಹ್ನ, ನೀನ್ ಹೇಳಿದ್ಮೇಲೆ ಒಂದು ಬುಧವಾರ ಬೆಳಿಗ್ಗೆ. ಎರಡೂ ಬೇರೆ ಬೇರೆ ಕಟ್ಟಡ ಅಂತ ಹೇಳಬಹುದು. ಭಾನುವಾರ ಬಸ್‌ಸ್ಟ್ಯಾಂಡು. ಬುಧವಾರ ಗ್ಯಾಲರೀಲಿ ನಾವು ಮೂರು ಜನ, ಒಬ್ರು ಗಾರ್ಡು, ಲೆಕ್ಕವಿಲ್ಲದಷ್ಟು ಪಾರಿವಾಳ. ಯಜಮಾನ್ರು ಎದುರಿಗೆ ಹೋಗಿ ಗೋಡೆ ಕಡೆ ತಿರುಗಿ ಕೂತ್ರು, ಮಗಳು ಈ ಕಡೆ ನನ್ನ ಪಕ್ಕ. ಅವ್ರು ಗೋಡೆಗೆ ಬಾಯಿ ಹಚ್ಚಿ "ಪುಟ್ಟಿ ನಿನ್ನ ಚಪ್ಪಲಿ ಉಲ್ಟಾ ಹಾಕಿದೀಯ" ಅಂದದ್ದು ನಮ್ಮ ಕಿವಿ ಬುಡದಲ್ಲೇ ಯಾರೋ ಹೇಳಿದ ಹಾಗೆ ಕೇಳಿಸ್ತು. ಅವಳು ಹೆದರಿ ನನ್ನ ಮೈಗೆ ಅಂಟ್ಕೊಂಡು ಆಮೇಲೆ ನಿಜವಾಗ್ಲೂ ಕಾಲು ನೋಡ್ಕೊಂಡ್ಳು, ಉಲ್ಟಾನೇ ಇತ್ತು.

ಗುಮ್ಮಟಲೆಕ್ಕ ಸರ್, ಇದು ಹೆಂಗೆ ಅಂತ ಹೇಳಿ. ಮತ್ತೆ ಜಗತ್ತಲ್ಲೇ ಎರಡನೇ ದೊಡ್ಡ ಗುಮ್ಮಟ ಅಂತ ಗೈಡ್‌ಗಳು ಹೇಳ್ತಾರಲ್ಲ ಅದು ಹೌದಾ?

ಗುಮ್ಮಟಲೆಕ್ಕ

ಎರಡನೇದು ಅನ್ನೋದನ್ನ ಮೊದಲು ಬಿಡಿಸ್ತೀನಿ, ಊರವ್ರು ಬೇಜಾರು ಮಾಡ್ಕೋಬೇಡಿ. 44 ಮೀಟರು ಅಡ್ಡಗಲ ಅನ್ನೋದು ಗುಮ್ಮಟದ ಹೊರಗಿನ ಅಳತೆ, ಗೋಡೆಯ ದಪ್ಪ ಕಳೆದು ಒಳಗೆ ಅಳೆದ್ರೆ 38ರ ಹತ್ರ. ಒಳಗಿನ ಅಳತೇಲಿ ರೋಮಿನ ಪ್ಯಾಂಥಿಯನ್ 43, ಸೇಂಟ್ ಪೀಟರ್ಸ್ 42ರ ಹತ್ರ, ಫ್ಲಾರೆನ್ಸಿನ ಚರ್ಚಿಂದು ಅದಕ್ಕೂ ಹೆಚ್ಚು. ಈಗಿನ ಕ್ರೀಡಾಂಗಣದ ಗುಮ್ಮಟಗಳಂತೂ ಲೆಕ್ಕಕ್ಕೇ ಬೇಡ. ಹಾಗಾಗಿ ಆ ಎರಡನೇ ಸ್ಥಾನ ನಿಲ್ಲಲ್ಲ. ನಿಲ್ಲೋದು ಏನು ಅಂದ್ರೆ, 1656ರಲ್ಲಿ, ನಡುವೆ ಒಂದು ಕಂಬ ಇಲ್ದೆ, ಸುಮಾರು 1,700 ಚದರ ಮೀಟರ್ ನೆಲದ ಮೇಲೆ ಒಂದೇ ಸೂರು ಹೊದಿಸಿದ್ದು. ಅದಕ್ಕೆ ರ‍್ಯಾಂಕು ಬೇಕಾ?

ಹೇಗೆ ನಿಂತಿದೆ ಅನ್ನೋದು ನೋಡ್ಬೇಕಾದ್ರೆ ನೆಲದ ನಡುವೆ ನಿಂತು ತಲೆ ಎತ್ತಿ. ಕೆಳಗೆ ಚೌಕ, ಮೇಲೆ ದುಂಡು. ಮಧ್ಯ ಎಂಟು ಕಮಾನುಗಳು ಒಂದನ್ನೊಂದು ಕತ್ತರಿಸ್ಕೊಂಡು ಹೋಗಿವೆ, ಒಂದು ಚೌಕದ ಮೇಲೆ ಇನ್ನೊಂದು ಚೌಕ ಓರೆಯಾಗಿ ಇಟ್ಟ ಹಾಗೆ. ಆ ಕಮಾನುಗಳು ಒಳಗೆ ಚಾಚಿಕೊಂಡಿರೋದ್ರಿಂದ ಅವುಗಳ ಭಾರ ಒಳಗೆ ಎಳೀತಿರತ್ತೆ, ಗುಮ್ಮಟ ಹೊರಗೆ ತಳ್ಳೋಕೆ ನೋಡತ್ತೆ, ಒಂದಕ್ಕೊಂದು ಹಿಡ್ಕೊಂಡು ನಿಂತಿವೆ.

ಪಿಸುಮಾತಿನ ವಿಷಯ, ನಯವಾದ ದುಂಡು ಗೋಡೆಗೆ ಹತ್ತಿಕೊಂಡು ಮಾತಾಡಿದ್ರೆ ದನಿ ಚದುರದೆ ಗೋಡೆ ಗುಂಟನೇ ಜಾರ್ಕೊಂಡು ಆ ಕಡೆ ಹೋಗತ್ತೆ. ಕೂಗಿದ್ರೆ ಬೇರೆ ಕಥೆ. 38 ಮೀಟರ್ ಅಡ್ಡ ಹೋಗಿ ವಾಪಸ್ ಬರೋಕೆ ದನಿಗೆ ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಬೇಕು, ಹತ್ತನೇ ಒಂದು ಭಾಗ ದಾಟಿದ್ರೆ ನಮ್ಮ ಕಿವಿ ಅದನ್ನ ಬೇರೆ ದನಿ ಅಂತ ಹಿಡಿಯತ್ತೆ. ಅದಕ್ಕೇ ಒಂದು ಚಪ್ಪಾಳೆ ಏಳು ಸಲ ಎಣಿಸೋ ಹಾಗೆ ಬರೋದು. ಐವತ್ತು ಜನ ಒಟ್ಟಿಗೆ ಕೂಗಿದ್ರೆ ಎಣಿಸೋಕೆ ಏನೂ ಉಳಿಯಲ್ಲ.

ಕರಿನೆಲ

ಸರ್ರ ಎರಡನೇ ಸ್ಥಾನ ಕಸ್ಕೊಂಡ್ರಿ, ಹೋಗ್ಲಿ ಬಿಡ್ರಿ. ಇನ್ನ ಇಬ್ರಾಹಿಂ ಆದಿಲ್ ಶಾನ ಗೋರಿ, ಇಬ್ರಾಹಿಂ ರೋಜಾ ನೋಡಿ ತಾಜ್ ಮಹಲ್ ಕಟ್ಟಿದ್ರು ಅನ್ನೋದನ್ನೂ ಕಸ್ಕೋತೀರೇನು?

ಗುಮ್ಮಟಲೆಕ್ಕ

ಅರ್ಧ ಬಿಟ್ಟು ಕೊಡ್ತೀನಿ 🙂 ರೋಜಾ ಮುಗಿದದ್ದು 1627ರ ಸುಮಾರಿಗೆ, ತಾಜ್ ಮಹಲ್ ಶುರುವಾಗಿದ್ದು 1632ರಲ್ಲಿ. ಮೊದಲು ಇದು ಅನ್ನೋದ್ರಲ್ಲಿ ಅನುಮಾನ ಇಲ್ಲ. ಆದ್ರೆ ನನ್ನ ಕೇಳಿದ್ರೆ ರೋಜಾನ ತಾಜಿನ ಪಕ್ಕ ನಿಲ್ಲಿಸಿ ಹೊಗಳೋದೇ ಅದಕ್ಕೆ ಮಾಡೋ ಅವಮಾನ. ಕಲ್ಲಿನ ಕಿಟಕಿಗಳನ್ನ ಹತ್ರ ಹೋಗಿ ನೋಡಿ, ಜಾಲರಿ ಅಂತ ಕಾಣೋದು ಅಕ್ಷರಗಳು, ಅಕ್ಷರದ ಸಂದಿಯಿಂದ್ಲೇ ಒಳಗೆ ಬೆಳಕು. ಗೋರಿ ಇರೋ ಕೋಣೆಯ ಸೂರು ಕಲ್ಲಿಂದೇ, ನಡುವೆ ಚಪ್ಪಟೆ, ಕೆಳಗೆ ಆಧಾರ ಇಲ್ಲ. ಎದುರಿನ ಮಸೀದಿಯ ಸೂರಂಚಲ್ಲಿ ಕಲ್ಲಿನ ಸರಪಳಿ ತೂಗ್ತಿರ್ತವೆ. ಕಟ್ಟಿಸಿದ ಇಬ್ರಾಹಿಂ ಸಂಗೀತದ ಹುಚ್ಚಿನವ್ನು, ಸರಸ್ವತಿ ಸ್ತುತಿ ಬರೆದ ದೊರೆ, ಜನ ಜಗದ್ಗುರು ಬಾದಶಹಾ ಅಂತಿದ್ರು. 1599ರಲ್ಲಿ ತೊರವಿ ಹತ್ರ ನವರಸಪುರ ಅಂತ ಒಂದು ಊರನ್ನೇ ಕಟ್ಟೋಕೆ ಹೊರಟಿದ್ದ. ಅಲ್ಲಿನ ಸಂಗೀತ ಮಹಲ್ ನೋಡಿ. ಅದೇ ತೊರವಿ, ತೊರವೆ ರಾಮಾಯಣ ಬರೆದ ನಮ್ಮ ಕುಮಾರ ವಾಲ್ಮೀಕಿ ಊರು, ನರಸಿಂಹನ ಗುಡಿ ನೆಲಕ್ಕಿಂತ ಕೆಳಗಿದೆ.

ಬಾಡಿಗೆಮನೆ

ನಾನೂ ಒಂದು ಕಾಲದಲ್ಲಿ ಅಲ್ಲಿದ್ದವಳು, ಬ್ಯಾಂಕ್ ಟ್ರಾನ್ಸ್‌ಫರ್, ಉಡುಪಿಯಿಂದ ನೇರ ವಿಜಯಪುರ. ಸ್ಮಾರಕದ ಬಗ್ಗೆ ಹೇಳೋರು ತುಂಬಾ ಜನ ಇದ್ದಾರೆ, ನಾನು ಮನೆ ಬಗ್ಗೆ ಹೇಳ್ತೇನೆ, ಯಾಕಂದ್ರೆ ಸ್ವಲ್ಪ ಕಾಲಕ್ಕೆ ಬರೋರು ಅದರಲ್ಲೇ ಸೋಲೋದು.

ಮೇಲಿನ ಮಹಡಿ ಮನೆ ತಗೊಳ್ಬೇಡಿ. ಚಳಿಗಾಲದಲ್ಲಿ ನೋಡಿದ್ರೆ ಗಾಳಿ ಬೆಳಕು ಎಲ್ಲ ಚಂದ ಇರ್ತದೆ, ಏಪ್ರಿಲಲ್ಲಿ ಆ ಸ್ಲ್ಯಾಬು ಹಗಲೆಲ್ಲ ಕಾದು ರಾತ್ರಿ ನಿಮ್ಮ ಮೇಲೆ ಬಿಡ್ತದೆ. ಕೆಳಗಿನ ಮನೆ, ಮೇಲೆ ಯಾರಾದ್ರೂ ವಾಸ ಇರೋದು, ಪಶ್ಚಿಮಕ್ಕೆ ದೊಡ್ಡ ಕಿಟಕಿ ಇಲ್ಲದ್ದು. ನೀರಿನ ತೊಟ್ಟಿ ಎಷ್ಟು ದೊಡ್ಡದು ಅಂತ ಮುಚ್ಚಳ ತೆಗೆಸಿ ನೋಡಿ. ನಲ್ಲಿ ಎಷ್ಟು ದಿನಕ್ಕೊಮ್ಮೆ ಅಂತ ಮನೆ ಓನರ್ ಹತ್ರ ಅಲ್ಲ, ಪಕ್ಕದ ಮನೆ ಹೆಂಗಸರ ಹತ್ರ ಕೇಳಿ. ಏಸಿಗೆ ದುಡ್ಡು ಹಾಕುವ ಮೊದಲು ಕೂಲರ್ ಇಟ್ಟು ನೋಡಿ, ನಮ್ಮ ಕರಾವಳೀಲಿ ಕೂಲರ್ ಅಂದ್ರೆ ಬರೀ ಒದ್ದೆ ಗಾಳಿ, ಇಲ್ಲಿ ಹವೆ ಒಣ ಇರೋದ್ರಿಂದ ನೀರು ಬೇಗ ಆವಿಯಾಗಿ ಕೋಣೆ ನಿಜವಾಗಿ ತಣ್ಣಗಾಗ್ತದೆ. ನಾನು ವಾಪಸ್ ಬರುವಾಗ ಕೂಲರನ್ನ ಅಲ್ಲೇ ಮಾರಿ ಬಂದೆ, ಕೊಂಡವರು ಲಾರಿ ಬರೋ ತನಕ ಕಾಯ್ಲಿಲ್ಲ, ತಳ್ಳುಗಾಡೀಲಿ ತಗೊಂಡು ಹೋದ್ರು.

ಹನ್ನೊಂದರಿಂದ ನಾಲ್ಕರ ತನಕ ಊರೇ ಅರ್ಧ ಮುಚ್ಚಿಕೊಳ್ತದೆ ಬೇಸಿಗೆಯಲ್ಲಿ. ಅದಕ್ಕೆ ಹೊಂದ್ಕೊಳ್ಳಿ, ಅದರ ವಿರುದ್ಧ ಹೋಗ್ಬೇಡಿ.

ಬಿಳಿಜೋಳ

ತಂಗಿ ಮಳೆಹುಳ, ನಾ ಇಂಡಿ ತಾಲೂಕಿನಾಕಿ, ಈಗ ಮಗನ ಮನ್ಯಾಗ ವಿಜಯಪುರದಾಗ ಇರ್ತೀನಿ, ಮೊಮ್ಮಗಳು ಟೈಪ್ ಮಾಡಿ ಕೊಡ್ತಾಳ. ಬರೇ ಗುಮ್ಮಟ ಬಾವಿ ನೋಡ್ತಿ, ಹೊಲ ನೋಡಿಲ್ಲಲ್ಲ ನೀ. ಎಳ್ಳ ಅಮವಾಸಿಗೆ ಯಾರರೆ ಕರದ್ರ ಹೋಗು, ಕರೀಲಿಲ್ಲಂದ್ರ ನಮ್ಮನಿಗೆ ಬಾ. ಚಕ್ಕಡಿ ಕಟ್ಟಿ ಬುತ್ತಿ ಒಯ್ಯೋದು, ಸಜ್ಜಿ ರೊಟ್ಟಿ, ಜ್ವಾಳದ ಕಡಬು, ಎಣಗಾಯಿ, ಪುಂಡಿ ಪಲ್ಯ, ಶೇಂಗಾ ಹೋಳಿಗಿ, ಮಾದೇಲಿ. ಗಿಡದ ಬುಡಕ ಐದು ಕಲ್ಲ ಇಟ್ಟು ಪಾಂಡವರಂತ ಪೂಜಿ ಮಾಡಿ ಹೊಲದ ತುಂಬ ಚರಗ ಚೆಲ್ಲಿ ಆಮ್ಯಾಲ ಉಣ್ಣೋದು. ಭೂಮಿತಾಯಿ ಬಸರಿ ಇರ್ತಾಳ ಆ ಹೊತ್ನ್ಯಾಗ, ಆಕಿ ಬಯಕಿ ಊಟ ಅದು.

ಡೋಣಿ ಬೆಳೆದರ ಓಣಿ ತುಂಬ ಜ್ವಾಳ ಅಂತಿದ್ರು ಹಿಂದಿನವ್ರು. ಡೋಣಿ ಹೊಳಿ ಸಾಲಿನ ಕರಿನೆಲ ಅಂದ್ರ ಅಷ್ಟು ಬೆಳಿ. ಹಿಂಗಾರಿ ಬಿಳಿಜ್ವಾಳ ಮಳಿ ನಂಬಿ ನಿಂದರೂದುಲ್ಲ ತಂಗಿ, ಮಣ್ಣಾಗಿನ ಹಸಿ ಮತ್ತ ಇಬ್ಬನಿ ಮ್ಯಾಲನ ಬರ್ತದ.

ಮಳೆಹುಳ

ಅಮ್ಮಾ ನಿಮ್ಮ ಮಾತು ಓದಿ ಖುಷಿ ಆಯ್ತು, ಮೊಮ್ಮಗಳಿಗೂ ಥ್ಯಾಂಕ್ಸ್ ಹೇಳಿ. ನಮ್ಮ ಎದುರುಮನೆ ಬಾಯಿಯವ್ರು ಕರ್ಕೊಂಡು ಹೋಗಿದ್ರು ಅಮಾವಾಸ್ಯೆಗೆ, ಬಬಲೇಶ್ವರದ ಕಡೆ ಹೊಲ. ನಮ್ಮ ಕಡೆ ತಲೆ ಎತ್ತಿದ್ರೆ ಗುಡ್ಡ ಅಡ್ಡ ಬರತ್ತೆ, ಇಲ್ಲಿ ನೆಲ ಆಕಾಶ ಸೇರೋ ತನಕ ಕಣ್ಣಿಗೆ ಏನೂ ತಡೆಯಿಲ್ಲ, ಮೊದಲ ಹತ್ತು ನಿಮಿಷ ನಂಗೆ ಒಂಥರಾ ಹಿಡಿತ ತಪ್ಪಿದ ಹಾಗೆ ಆಯ್ತು. ಕರಿಮಣ್ಣಿನ ಬಿರುಕಿಗೆ ಮಗಳು ಪೂರ್ತಿ ಕೈ ಇಳಿಸಿದ್ಳು, ಮೇಲೆ ಬೂದಿ ಥರ ಒಣಗಿದ್ರೂ ಮೊಣಕೈ ಮಟ್ಟದಲ್ಲಿ ಮಣ್ಣು ತಣ್ಣಗೆ, ಹಿಡಿದ್ರೆ ಉಂಡೆ ಆಗೋ ಹಾಗಿತ್ತು. ಈಗ ನೀವು ಹೇಳಿದ ಮೇಲೆ ಗೊತ್ತಾಯ್ತು ಜೋಳ ಯಾವುದನ್ನ ಕುಡೀತಿದೆ ಅಂತ.

ಆಮೇಲೆ ಸೀತನಿ ತಿನ್ನಿಸಿದ್ರು ಇನ್ನೊಂದು ಸಲ, ಸಂಕ್ರಾಂತಿ ಕಳೆದ ಮೇಲೆ. ಹಾಲು ತುಂಬಿದ ಎಳೆ ಜೋಳದ ತೆನೇನ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಬಿಸೀಲೇ ಬಡಿದು ಕಾಳು ಉದುರಿಸಿ ಶೇಂಗಾ ಹಿಂಡಿ ಬೆಲ್ಲ ಜೊತೆ. ಅದು ಎಲ್ಲೂ ಹೋಟೆಲಲ್ಲಿ ಸಿಗಲ್ಲ, ಹೊಲದ ಬದುವಲ್ಲಿ ಕೂತೇ ತಿನ್ಬೇಕು, ಹಲ್ಲೆಲ್ಲ ಹಸಿರು.

ಖಾನಾವಳಿ ವಿಷಯಕ್ಕೆ ಬಂದ್ರೆ ನಮ್ಮನೇಲಿ ಎರಡು ಪಕ್ಷ. ನಂಗೆ ಜೋಳದ ರೊಟ್ಟಿ, ಹಸಿ ಮೆಂತ್ಯೆಸೊಪ್ಪು, ಉಳ್ಳಾಗಡ್ಡಿ, ಗುರೆಳ್ಳು ಚಟ್ನಿಗೆ ಗಟ್ಟಿ ಮೊಸರು ಸಾಕು, ಯಜಮಾನ್ರಿಗೆ ಅನ್ನ ಕೊನೇಲಿ ಒಂದು ಸಣ್ಣ ಬಟ್ಟಲು ಬರತ್ತೆ ಅನ್ನೋದೇ ಸಂಕಟ, ರೊಟ್ಟಿ ತಿನ್ತಾ ತಿನ್ತಾ ಅಡುಗೆಮನೆ ಬಾಗಿಲು ನೋಡ್ತಿರ್ತಾರೆ.

ಗಾಂಧಿಚೌಕ್_ಹುಡುಗ

ಸಾಹೇಬ್ರಿಗೆ ಹೇಳ್ರಿ ಅಕ್ಕಾರ, ಕೂತ ಕೂಡ್ಲೆ "ನಂಗ ಅನ್ನ ಜಾಸ್ತಿ" ಅಂತ ಹೇಳಿಬಿಟ್ರ ತಂದ್ ಹಾಕ್ತಾರ, ಯಾರೂ ಏನೂ ಅನ್ನಂಗಿಲ್ಲ. ಸಿದ್ಧೇಶ್ವರ ಜಾತ್ರಿಗೆ ಹೋಗಿದ್ರೇನು? ನಂದಿಧ್ವಜದ ಮೆರವಣಗಿ, ಮದ್ದು ಸುಡೋದು, ದನದ ಜಾತ್ರಿ. ಸಂಕ್ರಮಣದಾಗ ಇಲ್ಲಿದ್ದು ಅದು ನೋಡ್ಲಿಲ್ಲಂದ್ರ ಬಂದದ್ದು ಲೆಕ್ಕಕ್ಕಿಲ್ಲ.

ಮತ್ತ ಮಲಿಕ್-ಎ-ಮೈದಾನ್ ತೋಪು ನೋಡ್ರಿ, ಎಂಥಾ ಬಿಸಲಾಗೂ ಕೈ ಹಚ್ಚಿದ್ರ ತಣ್ಣಗ ಇರ್ತದ.

ಗುಮ್ಮಟಲೆಕ್ಕ

ತಮ್ಮ, ಮೇ ತಿಂಗಳು ಮಧ್ಯಾಹ್ನ ಎರಡಕ್ಕೆ ಕೈ ಇಟ್ಟು ಒಂದು ನಿಮಿಷ ನಿಂತು ತೋರ್ಸು, ಆಮೇಲೆ ಒಪ್ತೀನಿ 😄 ದಪ್ಪ ಲೋಹ ಬಿಸಿ ಏರೋಕೆ ಹೊತ್ತು ಹಿಡಿಯತ್ತೆ, ಬೆಳಿಗ್ಗೆ ತಣ್ಣಗಿರೋದು ಅದಕ್ಕೆ.

ಆದ್ರೆ ಆ ತೋಪಿನ ಕಥೆ ಸುಮ್ನೆ ಬಿಡೋ ಹಾಗಿಲ್ಲ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್, ಯುದ್ಧದಲ್ಲಿ ಗೆದ್ದ ವಸ್ತು ಅಂತ ಇಲ್ಲಿಗೆ ಎಳ್ಕೊಂಡು ಬಂದ್ರು. ಬಾಯಿ ಸಿಂಹದ್ದು, ದವಡೆ ಮಧ್ಯ ಸಿಕ್ಕಿಹಾಕ್ಕೊಂಡ ಆನೆ. 1854ರಲ್ಲಿ ಬ್ರಿಟಿಷರ ಕಾಲದಲ್ಲಿ ಇದನ್ನ ಹರಾಜು ಹಾಕಿದ್ರೆ ಬಂದ ಸವಾಲು 150 ರೂಪಾಯಿ, ಆಮೇಲೆ ಯಾರಿಗೋ ಬುದ್ಧಿ ಬಂದು ಮಾರಾಟ ರದ್ದಾಯ್ತು. ಗುಜರಿ ರೇಟಿಗೆ ಹೋಗ್ತಿತ್ತು. ಅಲ್ಲಿಂದ ಹತ್ರಾನೇ ಉಪ್ಪಲಿ ಬುರುಜು, 1584ರದ್ದು, 24 ಮೀಟರು ಎತ್ತರ, ಮೆಟ್ಟಿಲು ಹೊರಗಿಂದ ಸುತ್ಕೊಂಡು ಹೋಗತ್ತೆ. ಸಂಜೆ ಹತ್ತಿ. ಇಡೀ ಕೋಟೆಯ ಸುತ್ತು, ಸುಮಾರು 10 ಕಿಲೋಮೀಟರ್, ಎಲ್ಲೆಲ್ಲಿ ಹರಿದಿದೆ ಅಂತ ಅಲ್ಲಿಂದ ಗೆರೆ ಎಳೀಬಹುದು.

ಕರಿನೆಲ

ಉಪ್ಪಲಿ ಬುರುಜಿನ ಮ್ಯಾಲ ಸಂಜಿಮುಂದ ಗಾಳಿ ಬಿಡ್ತದಲ್ರಿ, ಅದಕ್ಕ ರೊಕ್ಕ ಕೊಟ್ರೂ ಬೆಂಗಳೂರಾಗ ಸಿಗೂದುಲ್ಲ. ನಾ ಬರೇ ಬೈತೀನಿ ಅನಬ್ಯಾಡ್ರಿ ಮತ್ತ. ಬಾರಾ ಕಮಾನಿನಾಗ ಹುಲ್ಲಿನ ಮ್ಯಾಲ ಕೂತು ಪರೀಕ್ಷಾಕ್ಕ ಓದಿದಾವ ನಾ. ಎರಡನೇ ಅಲಿ ಆದಿಲ್ ಶಾನ ಗೋರಿ ಅದು, ಅವ 1672ರಾಗ ಸತ್ತ, ಕಮಾನ ಅಷ್ಟ ಎದ್ದಿದ್ವು, ಸೂರು ಆಗಲೇ ಇಲ್ಲ. ಸೂರಿಲ್ಲದ್ದಕ್ಕ ಓದಾಕ ಬೆಳಕು ಛಲೋ ಇರ್ತಿತ್ತು.

ಮಳೆಹುಳ

ಕರಿನೆಲ ಅಣ್ಣ, ಈಗ್ಲೂ ಹುಡುಗ್ರು ಪುಸ್ತಕ ಹಿಡ್ಕೊಂಡು ಕೂತಿರ್ತಾರೆ ಅಲ್ಲಿ, ನಿನ್ನೆ ಕೂಡ ನೋಡಿದೆ. ನಮ್ಮ ಸಂಜೆ ಅಡ್ಡಾನೂ ಅದೇ ಆಗಿದೆ, ತರಕಾರಿ ಮಾರ್ಕೆಟ್ ಮುಗಿಸ್ಕೊಂಡು ಹೋಗಿ ಕೂರೋದು.

ಈಗ ನಿಜವಾದ ಚಿಂತೆ ಬೇಸಿಗೆ. ಮಾರ್ಚ್ ಶುರುವಲ್ಲೇ ಮಗಳಿಗೆ ಮೂಗಲ್ಲಿ ರಕ್ತ ಬಂತು, ಡಾಕ್ಟ್ರು ಒಣ ಹವೆ ಅಷ್ಟೆ ಹೆದರಬೇಡಿ ಅಂದ್ರು. ಬಾಡಿಗೆಮನೆ ಅವ್ರ ಮಾತು ಕೇಳಿ ಕೂಲರ್ ತಂದಾಯ್ತು. ಏಪ್ರಿಲ್ ಮೇಲಿ ಸುತ್ತಾಟ ಪೂರ್ತಿ ಬಂದ್ ಮಾಡ್ಬೇಕಾ ಅಥವಾ ಏನಾದ್ರೂ ದಾರಿ ಇದ್ಯಾ?

ಗುಮ್ಮಟಲೆಕ್ಕ

ಕುಮಟಗಿಗೆ ಹೋಗಿ, ಸಿಂದಗಿ ರೋಡಲ್ಲಿ, ಪೂರ್ವಕ್ಕೆ. ಈ ಪ್ರಶ್ನೆ ಆದಿಲ್ ಶಾಹಿಗಳಿಗೂ ಬಂದಿತ್ತು, ಅವ್ರ ಉತ್ತರ ಅದು. ಕೆರೆ ಪಕ್ಕ ಬೇಸಿಗೆ ಬಿಡಾರ, ನೀರಿನ ನಡುವೆ ಮಂಟಪ, ಸೂರಿಂದ ನೀರು ತುಂತುರಾಗಿ ಬೀಳೋ ಏರ್ಪಾಡು. ಗೋಡೇಲಿ ಹಳೇ ಚಿತ್ರಗಳಿವೆ, ಕುದುರೆ ಮೇಲೆ ಕೂತು ಚೆಂಡಾಡೋರು, ಕುಸ್ತಿ ಹಿಡಿಯೋರು, ಮಾಸಿವೆ ಆದ್ರೂ ಗುರುತು ಸಿಗತ್ತೆ. ನಿಮ್ಮ ನೀರಿನ ಹುಚ್ಚಿಗೆ ಗೋಲಗುಮ್ಮಟಕ್ಕಿಂತ ಇದೇ ಸರಿ. ಬೆಳಿಗ್ಗೆ ಬೇಗ ಹೋಗಿ ಹತ್ತರೊಳಗೆ ಮನೆ ಸೇರ್ಕೊಳ್ಳಿ. ಬಾದಾಮಿ ಪಟ್ಟದಕಲ್ಲನ್ನ ಮೇ ತಿಂಗಳಿಗೆ ಇಟ್ಕೋಬೇಡಿ, ಆ ಕೆಂಪು ಬಂಡೆ ಕಾದ್ರೆ ನಿಲ್ಲೋಕಾಗಲ್ಲ.

ಬಿಳಿಜೋಳ

ಕೂಸಿಗೆ ಮಜ್ಜಿಗಿ ಕುಡಸು ತಂಗಿ, ಜ್ವಾಳದ ಅಂಬಲಿ ಮುಂಜಾನಿ, ತಲಿಗೆ ಅರಬಿ ಕಟ್ಟು. ಉಳ್ಳಾಗಡ್ಡಿ ಕಿಸೆದಾಗ ಇಡು ಅಂತಾರ ಕೆಲವ್ರು, ಕಿಸೆದಾಗ ಇಡಬ್ಯಾಡ, ಊಟದಾಗ ತಿನ್ನಸು. ನಮ್ಮ ಇಂಡಿ ಲಿಂಬಿಹಣ್ಣ ತಗೊಂಡು ಸರಬತ್ತ ಮಾಡಿ ಇಡು, 2023ರಾಗ ಅದಕ್ಕ ಜಿಐ ಟ್ಯಾಗ್ ಬಂದದ ಅಂತ ಮೊಮ್ಮಗಳು ಬರೀ ಅಂತಾಳ.

ಮತ್ತ ಈಗ ತಿಕೋಟಾ ಕಡೆ ಹೋದ್ರ ಮಣೂಕ ಮಾಡೋದು ನೋಡ್ಲಾಕ ಸಿಗ್ತದ. ದ್ರಾಕ್ಷಿ ಕೊಯ್ದು ಡಿಪ್ಪಿಂಗ್ ಎಣ್ಣಿ ಮತ್ತ ಪುಡಿ ಕೂಡಿಸಿದ ನೀರಾಗ ಅದ್ದಿ ತಗದು, ನೆರಳಿನ ಶೆಡ್ಡಿನಾಗ ಬಲಿ ಮ್ಯಾಲ ಬಲಿ ಕಟ್ಟಿ ಹರವಿರ್ತಾರ. ಬಿಸಲಿಗೆ ಹಾಕೂದುಲ್ಲ, ಗಾಳಿಗೇ ಒಣಗಬೇಕು, ಬಣ್ಣ ಹಸರು ಉಳೀತದ. ನಮ್ಮ ಬಿಸಲನ್ನ ಬೈತಾರ ಎಲ್ಲಾರೂ, ಈ ಒಣ ಗಾಳಿ ಇಲ್ಲಂದ್ರ ಮಣೂಕ ಎಲ್ಲಿಂದ ಬರ್ಬೇಕು.

ಮಳೆಹುಳ

ಅಮ್ಮಾ ಶನಿವಾರಾನೇ ಹೋಗ್ತೀವಿ. ಶೆಡ್ಡಿನವ್ರು ಒಳಗೆ ಬಿಡ್ತಾರಾ ಕೇಳಿದ್ರೆ?

ಬಿಳಿಜೋಳ

ಬಿಡದ ಏನ್ ಮಾಡ್ತಾರ, ಕೈ ತುಂಬ ತಿನ್ಲಾಕ ಕೊಟ್ಟ ಕಳಸ್ತಾರ. ಒಯ್ಯಲಾಕ ಒಂದು ಚೀಲ ಹಿಡಕೊಂಡು ಹೋಗು.

ರೈಲುಗಾಡಿ

ಮಧ್ಯ ಬಾಯಿ ಹಾಕ್ತಿದೀನಿ ಕ್ಷಮಿಸಿ. ನಾನು ಮೈಸೂರು, ಅಕ್ಕ ಭಾವ ವಿಜಯಪುರಕ್ಕೆ ಈಗಷ್ಟೆ ಹೋಗಿದಾರೆ ವರ್ಷದ ಮಟ್ಟಿಗೆ, ಅಪ್ಪ ಅಮ್ಮನ್ನ ಕರ್ಕೊಂಡು ನೋಡೋಕೆ ಹೋಗ್ಬೇಕು. ಗೋಲಗುಮ್ಮಟ ಎಕ್ಸ್‌ಪ್ರೆಸ್ಸಲ್ಲಿ ಗುರುವಾರ ಹೊರಟ್ರೆ ಶುಕ್ರವಾರ ಬೆಳಿಗ್ಗೆ ಇಳೀತೀವಿ, ಭಾನುವಾರ ವಾಪಸ್. ಅಪ್ಪನಿಗೆ ಮೊಣಕಾಲು ನೋವು, ಮೆಟ್ಟಿಲು ಆಗಲ್ಲ. ಅವ್ರಿಗೆ ಏನು ತೋರಿಸೋದು?

ಮಳೆಹುಳ

ಮೆಟ್ಟಿಲು ಬೇಡ ಅಂದ್ರೆ ಚಿಂತೆ ಇಲ್ಲ, ಇಬ್ರಾಹಿಂ ರೋಜಾದಲ್ಲಿ ಸ್ವಲ್ಪೇ ಮೆಟ್ಟಿಲು, ಬಾರಾ ಕಮಾನಿಗೆ ಆಟೋ ಹತ್ರದ ತನಕ ಹೋಗತ್ತೆ, ಜುಮ್ಮಾ ಮಸೀದಿ ಅಂಗಳ ಪೂರ್ತಿ ಸಮತಟ್ಟು, ಅಲ್ಲಿ ನಮಾಜಿಗೆ ಒಬ್ಬೊಬ್ರಿಗೆ ಒಂದೊಂದು ಅಂತ ನೆಲದಲ್ಲಿ 2,250 ಚೌಕ ಬರೆದಿದಾರೆ, ನಮ್ಮ ಮಗಳು ಅದ್ರಲ್ಲಿ ಕುಂಟಾಬಿಲ್ಲೆ ಆಡೋಕೆ ಹೊರಟು ತಡ್ಕೊಳ್ಳೋದು ಕಷ್ಟ ಆಯ್ತು. ಗೋಲಗುಮ್ಮಟದಲ್ಲಿ ನಿಮ್ಮಪ್ಪ ಮೇಲೆ ಹತ್ತೋದು ಬೇಡ, ಕೆಳಗೆ ನೆಲದ ಮೇಲೆ ನಿಂತ್ರೂ ಅರ್ಧಕ್ಕಿಂತ ಹೆಚ್ಚು ನೋಡಿದ ಹಾಗೆ. ನೀವು ಮೇಲೆ ಹೋಗಿ ಬರೋ ತನಕ ಅವ್ರಿಬ್ರೂ ಮುಂದಿನ ನಗಾರಖಾನೆ ಮ್ಯೂಸಿಯಂ ನೋಡ್ಬಹುದು, ಹಳೇ ರತ್ನಗಂಬಳಿ, ಪಿಂಗಾಣಿ, ಕತ್ತಿ, ಕೈಬರಹದ ಪುಸ್ತಕ ಎಲ್ಲಾ ಇದೆ. ಟಾಂಗಾ ಹತ್ತೋಕೆ ಎತ್ತರ ಆಗತ್ತೆ ಅವ್ರಿಗೆ, ಆಟೋನೇ ಮಾಡಿ, ಅರ್ಧ ದಿನಕ್ಕೆ ಅಂತ ಮೊದ್ಲೇ ಮಾತಾಡ್ಕೊಳ್ಳಿ. ಶುಕ್ರವಾರ ಇಳಿದ ದಿನವೇ ಗುಮ್ಮಟ ಮುಗಿಸಿಬಿಡಿ, ಶನಿವಾರ ಭಾನುವಾರ ಗಲಾಟೆ.

ಗಾಂಧಿಚೌಕ್_ಹುಡುಗ

ಅಕ್ಕಾರ ಶುಕ್ರವಾರ ಮ್ಯೂಸಿಯಂ ಬಂದ್ ಇರ್ತದ್ರಿ, ಜುಮ್ಮಾ ಮಸೀದ್ಯಾಗೂ ಮಧ್ಯಾಹ್ನ ನಮಾಜಿಗೆ ಭಾಳ ಮಂದಿ. ಅವತ್ತು ರೋಜಾ, ತೋಪು, ತಾಜ್ ಬಾವಡಿ ಮುಗಸ್ರಿ, ಮೂರೂ ಒಂದ ದಿಕ್ಕಿಗೆ ಬರ್ತಾವ. ಗುಮ್ಮಟಕ್ಕ ಶನಿವಾರ ಮುಂಜಾನಿ ಬಾಗಿಲ ತಗಿಯೂ ಹೊತ್ತಿಗೆ ಹೋಗ್ರಿ, ಟ್ರಿಪ್ಪಿನ ಬಸ್ಸು ಬರೂಕಿನ ಮೊದ್ಲ ಮುಗೀತದ, ಮ್ಯೂಸಿಯಂ ತಗಿಯೂ ತನಕ ಹಿರಿಯಾರ್ನ ಗಾರ್ಡನ್ನಾಗ ಗಿಡದ ಕೆಳಗ ಕೂಡಸ್ರಿ. ಅಲ್ಲಿಂದ ಸ್ಟೇಷನ್ ಹತ್ರನ ಅದ, ವಾಪಸ್ ಟಿಕೆಟ್ ಕನ್ಫರ್ಮ್ ಇಲ್ಲಂದ್ರ ಅವಾಗ ವಿಚಾರಸ್ಕೊಂಡು ಬರ್ಬಹುದು.